ಅಂಗೈಯಲ್ಲಿ ಎರಡು ಲಿಂಗ

ನಮ್ಮ ಯಜಮಾನರಿಗೆ ಮೂಗು ಅನ್ನುವುದು ಇದ್ದದ್ದು ಕನ್ನಡಕ ಕೂರಿಸುವುದಕ್ಕೆ ಮಾತ್ರ. ಕುಂಬಾರಕೊಪ್ಪಲಿನಲ್ಲಿ ನಮ್ಮದು ಹಿಟ್ಟಿನ ಗಿರಣಿ. ರಾಗಿ, ಗೋಧಿ, ಖಾರದಪುಡಿಯ ಧೂಳು ಕುಡಿದೂ ಕುಡಿದೂ ಶಿವರುದ್ರಪ್ಪನವರಿಗೆ ವರ್ಷವಿಡೀ ನೆಗಡಿ, ಹುಬ್ಬಿನ ಮೇಲೆ ನೋವು. ಡಾಕ್ಟರಿಗೆ ತೋರಿಸಿ ಅಂದರೆ ವಿಭೂತಿಯನ್ನು ಇನ್ನಷ್ಟು ದಪ್ಪಗೆ ಬಳಿದುಕೊಂಡು ಶಿವ ಇದ್ದಾನೆ ಅನ್ನುತ್ತಿದ್ದರು. ಇದ್ದಾನೆ, ಸರಿ. ಮೂಗು ಒರೆಸುವುದಕ್ಕೆ ಬರುತ್ತಾನೆಯೇ?

ತೊಂಬತ್ತೆಂಟರ ಕಾರ್ತಿಕದಲ್ಲಿ ಅವರ ಪೂಜೆ ಉದ್ದವಾಯಿತು. ಕೊರಳಲ್ಲಿ ಧರಿಸಿದ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಎವೆಯಿಕ್ಕದೆ ನೋಡುವುದೇ ನಮ್ಮ ಪೂಜೆ. ಬೇಗ ಮುಗಿಸಿ ಗಿರಣಿಗೆ ಓಡುತ್ತಿದ್ದ ಮನುಷ್ಯ ಈಗ ಬಿಸಿಲು ಅಂಗಳಕ್ಕೆ ಬಂದರೂ ಏಳುವುದಿಲ್ಲ. ಗಿರಾಕಿಗಳು ಡಬ್ಬ ಹಿಡಿದು ಕಾಯುತ್ತಾರೆ. ಕೇಳಿದರೆ ಸುಮ್ಮನೆ ನಗುತ್ತಾರೆ. ಕೊನೆಗೆ ಪಕ್ಕದ ಮನೆಯ ಸಿದ್ದಲಿಂಗಸ್ವಾಮಿಯವರ ಬಾಯಿಂದ ಗೊತ್ತಾಯಿತು: ಇವರಿಗೆ ಅಂಗೈಯಲ್ಲಿ ಎರಡು ಲಿಂಗ ಕಾಣಿಸುತ್ತಿವೆಯಂತೆ, ಯಾರಿಗೂ ಸಿಗದ ಕೃಪೆಯಂತೆ. ಹಾಗಂದವರು ನನ್ನೆದುರಿಗೇ ಇವರ ಕಾಲು ಮುಟ್ಟಿದರು. ಜೀವಮಾನವೆಲ್ಲ ಏನಯ್ಯಾ ಗಿರಣಿ ಅಂತ ಕರೆಸಿಕೊಂಡವರಿಗೆ ಅದು ಹಿತವಾಗಿತ್ತು.

ನಾನು ಕಂಡದ್ದು ಬೇರೆ. ಎಡಗಣ್ಣು ಬಲಗಣ್ಣಿಗಿಂತ ಕೆಳಗಿಳಿದಿತ್ತು. ಅಡುಗೆಮನೆಯಿಂದ ಒಂದು ಸೌಟು ತಂದು ಮುಖದೆದುರು ಹಿಡಿದು ಎಷ್ಟು ಅಂತ ಕೇಳಿದೆ. ಸುಳ್ಳು ಹೇಳಿ ಗೊತ್ತಿಲ್ಲದ ಮನುಷ್ಯ, ತಲೆ ತಗ್ಗಿಸಿ ಎರಡು ಅಂದರು.

"ಸೌಟಿಗೂ ಕೃಪೆ ಆಯ್ತೇನ್ರೀ?" ಅಂದುಬಿಟ್ಟೆ. ಅಂದ ಮೇಲೆ ನಾನೇ ಸೌಟನ್ನು ಸೆರಗಿನ ಮರೆಗೆ ಎಳೆದುಕೊಂಡೆ.

ಕಣ್ಣಿನ ಡಾಕ್ಟರು ನೋಡಿ, ಇದು ಮೂಗಿನ ಕಡೆಯಿಂದ ಬಂದಿದ್ದು ಅಂತ ಕಿವಿ, ಮೂಗು, ಗಂಟಲಿನ ಡಾಕ್ಟರ್ ತೇಜಸ್ವಿನಿಯವರ ಹತ್ತಿರ ಕಳಿಸಿದರು. ಆಕೆ ಸ್ಕ್ಯಾನಿನ ಫಿಲ್ಮನ್ನು ಬೆಳಕಿಗೆ ಹಿಡಿದು ಹುಬ್ಬಿನ ಮೂಳೆಯೊಳಗಿನ ಗೂಡು ತೋರಿಸಿದರು. ಮೂಗಿಗೆ ಇಳಿಯಬೇಕಾದ ಲೋಳೆ ದಾರಿ ಕಟ್ಟಿ ಅಲ್ಲೇ ತುಂಬಿಕೊಂಡು, ಮೂಳೆ ಸವೆಸಿ, ಕಣ್ಣುಗುಡ್ಡೆಯನ್ನು ಕೆಳಕ್ಕೆ ಒತ್ತುತ್ತಿದೆ. ಕೀವಾದರೆ ದೃಷ್ಟಿಯೇ ಹೋಗಬಹುದು, ಬೇಗ ಆಪರೇಷನ್ ಆಗಬೇಕು ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ನಾನು ನೀರು ಸೋರುತ್ತಿದ್ದ ಆ ಕಣ್ಣಿನ ಮೇಲೆ ತಂಪಾಗಲಿ ಅಂತ ದಿನಾ ನಂದಿಬಟ್ಟಲು ಹೂವು ಇಡುತ್ತಿದ್ದೆ.

ಯಜಮಾನರು ಒಪ್ಪಲಿಲ್ಲ. ಆಪರೇಷನ್ನಿಗೆ ಹೋಗುವಾಗ ಮೈಮೇಲೆ ಏನೂ ಇರಕೂಡದು ಅಂತ ನರ್ಸು ಹೇಳಿದ್ದರು. ಕಟ್ಟಿದ ಲಿಂಗ ಉಸಿರಿರುವ ತನಕ ಮೈ ಬಿಡಬಾರದು ಎನ್ನುವುದು ನಮ್ಮ ನೇಮ.

"ಕಣ್ಣು ಹೋದ್ರೆ ಹೋಗ್ಲಿ ಕಣೇ. ಲಿಂಗ ಬಿಚ್ಚಿಟ್ಟು ಒಳಗೆ ಹೋದೋನು ಹೊರಗೆ ಬರ್ಲಿಲ್ಲ ಅಂದ್ರೆ?"

ಅದು ಭಕ್ತಿಯೊಂದೇ ಅಲ್ಲ, ಹೆದರಿಕೆ ಕೂಡ ಅಂತ ಆಗ ತಿಳಿಯಿತು. ನನಗೂ ಹೆದರಿಕೆಯೇ.

"ನನ್ನ ಅಂಗೈಲಿ ಇಟ್ಕೋತೀನಿ," ಎಂದೆ. "ನೀವು ಬರೋಗಂಟ ಕೆಳಗಿಡಲ್ಲ. ನಂದೇನು ಬೇರೆ ಮೈಯೇನ್ರೀ?"

ತಲೆಯೆತ್ತಿ ನನ್ನನ್ನು ನೋಡಿದರು. ನಾನೂ ಎರಡಾಗಿಯೇ ಕಂಡಿರಬೇಕು. ಆಮೇಲೆ ಕೊರಳಿನ ಶಿವದಾರವನ್ನು ತಾವೇ ಬಿಚ್ಚಿದರು.

ಆಪರೇಷನ್ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತೆ. ಅಂಗೈಯಲ್ಲಿ ಇವರ ಲಿಂಗ ಒಂಟಿಯಾಗಿ ಕಂಡಿತು. ನನ್ನ ಕೊರಳಿನದನ್ನೂ ಬಿಚ್ಚಿ ಅದರ ಪಕ್ಕದಲ್ಲಿಟ್ಟೆ. ತಂಗಿ ಪಂಕಜಾ ಕಾಫಿಗೆ ಕರೆದಳು, ಏಳಲಿಲ್ಲ. ಬಾಯಲ್ಲಿ ಮಂತ್ರ, ಮನಸ್ಸಿನಲ್ಲಿ ಶಿವನಿಗೆ ಬೈಗುಳ. ಕೈ ಜೋಮು ಹಿಡಿಯಿತು.

ಸಂಜೆ ಅವರನ್ನು ವಾರ್ಡಿಗೆ ತಂದರು. ಹುಬ್ಬಿನ ಮೇಲೆ ಪಟ್ಟಿ, ಕಣ್ಣು ಊದಿಕೊಂಡಿತ್ತು. ಪೂರ್ತಿ ಎಚ್ಚರವಾದ ಮೇಲೆ ಡಾಕ್ಟರು ಎಡಗಣ್ಣನ್ನು ಮೆಲ್ಲಗೆ ತೆರೆಸಿದರು. ನಾನು ತಡೆಯಲಾರದೆ ಅಂಗೈ ಚಾಚಿ, ಎಷ್ಟು ಕಾಣುತ್ತವೆ ಅಂತ ಕೇಳಿದೆ.

ಕಣ್ಣು ಮಿಟುಕಿಸಿ ನೋಡಿದರು.

"ಎರಡು."

ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು ಅಂದುಕೊಂಡೆ. ನನ್ನದೂ ಅಲ್ಲೇ ಇರುವುದು ಆ ಗಾಬರಿಯಲ್ಲಿ ಮರೆತೇಹೋಗಿತ್ತು.

ಅವರು ಬೆರಳು ಚಾಚಿ, ಎಲ್ಲೂ ತಡವರಿಸದೆ ತಮ್ಮದನ್ನು ಎತ್ತಿಕೊಂಡರು.

"ಇನ್ನೊಂದು ನಿಂದು ಕಣೇ, ಕಟ್ಕೋ," ಎಂದರು.