ಎರಡು ಸಲ ಬಗ್ಗಿದ ಪಟ್ಟಿ

ಉಕ್ಕು ಎಂದರೆ ಗಟ್ಟಿ ಗುಂಡಿಗೆ ಎಂದು ನೀವು ತಿಳಿದಿದ್ದರೆ ಆ ಮಾತು ಬಿಟ್ಟುಬಿಡಿ. ನಾನು ಮುರಿದ ಮೂಳೆಗೆ ಆಸರೆಯಾಗುವ ಉಕ್ಕಿನ ಪಟ್ಟಿ, ಆದರೆ ಹುಟ್ಟಾ ಪುಕ್ಕಲ. ಕಾರ್ಖಾನೆಯಲ್ಲಿ ಮೈಗೆ ಏಳು ತೂತು ಕೊರೆದಾಗಲೇ ನನ್ನ ಜೀವ ಬಾಯಿಗೆ ಬಂದಿತ್ತು. ಆಮೇಲೆ ಗದಗಿನ ಒಂದು ಸಣ್ಣ ಆಸ್ಪತ್ರೆ ಸೇರಿದೆ. ಅಲ್ಲಿ ಪ್ರತಿ ಆಪರೇಷನ್ನಿಗೂ ಮುಂಚೆ ನಮ್ಮನ್ನು ಉಗಿಯಲ್ಲಿ ಬೇಯಿಸುತ್ತಿದ್ದರು. ನನ್ನ ಪಕ್ಕದವರು ಒಬ್ಬೊಬ್ಬರೇ ಹೋದರು, ತಿರುಗಿ ಬರಲಿಲ್ಲ. ಕೊನೆಗೆ ನನ್ನ ಅಳತೆಯ ಪಟ್ಟಿಗಳಲ್ಲಿ ನಾನೊಬ್ಬನೇ ಉಳಿದೆ.

ನನ್ನ ಸರದಿ ಬಂದದ್ದು ಶಾವಂತ್ರೆವ್ವನಿಗಾಗಿ. ಖಾನಾವಳಿಯೊಂದರಲ್ಲಿ ದಿನಕ್ಕೆ ಇನ್ನೂರು ಜೋಳದ ರೊಟ್ಟಿ ಬಡಿಯುವ ಹೆಂಗಸು. ಸ್ಕೂಟರ್ ಗುದ್ದಿ ಬಲ ಮುಂಗೈ ಮುರಿದಿತ್ತು. ಆ ಕೈ ಹೋದರೆ ಅವಳ ಹೊಟ್ಟೆಪಾಡೂ ಹೋಗುತ್ತಿತ್ತು.

"ರೊಟ್ಟಿ ಬಡಿಯೂ ಕೈರೀ ಇದು" ಎಂದಷ್ಟೇ ಹೇಳಿ ಅವಳು ಮಂಪರಿಗೆ ಜಾರಿದಳು.

ಡಾಕ್ಟರ್ ಹಿರೇಕುಂಬಿ ಮೊದಲು ಮೆತ್ತನೆಯ ತಗಡೊಂದನ್ನು ಮೂಳೆಗೆ ಒತ್ತಿ ಅದರ ಬಾಗು ಹಿಡಿದರು. ಅದನ್ನು ನೋಡಿಕೊಂಡು ನನ್ನನ್ನು ಬಗ್ಗಿಸಿದರು. ಬಾಗು ಹೆಚ್ಚಾಯಿತು. ಅಯ್ಯೋ, ಅಲ್ಲಿಗೆ ಬಿಡಬಾರದಿತ್ತೇ! ಹಿಂದಕ್ಕೆ ಬಗ್ಗಿಸಿದರು. ಒಮ್ಮೆ ಬಗ್ಗಿಸಿದ ಉಕ್ಕನ್ನು ಹಿಂದಕ್ಕೆ ಬಗ್ಗಿಸಿದರೆ ಆ ಜಾಗ ಸೋತು ಮುಂದೆ ಮುರಿಯಬಹುದು, ಅದು ಅವರಿಗೂ ಗೊತ್ತು. ಬೇರೆ ಪಟ್ಟಿ ಇದೆಯೇ ಎಂದು ಕೇಳಿದಾಗ ಸಿಸ್ಟರ್ ಇಲ್ಲವೆಂದು ತಲೆಯಾಡಿಸಿದರು. ಕೈ ಕೊಯ್ದಾಗಿತ್ತು, ಹೊತ್ತು ಮೀರುತ್ತಿತ್ತು. ನಾಲ್ಕನೇ ತೂತಿನ ಹತ್ತಿರ ನನಗೆ ಏನೋ ಸಡಿಲವಾದ ಹಾಗಾಯಿತು. ಹೇಳೋಣವೆಂದರೆ ನನಗೆಲ್ಲಿ ಬಾಯಿ? ಸ್ಕ್ರೂ ಬಿಗಿದೇಬಿಟ್ಟರು.

ಆರು ತಿಂಗಳು ರೊಟ್ಟಿ ಬಡಿಯಬಾರದೆಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಖಾನಾವಳಿಯಲ್ಲಿ ಬೇರೆಯವಳನ್ನು ಇಟ್ಟುಕೊಳ್ಳುವ ಮಾತು ಎದ್ದಿತು. ಮೂರನೇ ತಿಂಗಳಿಗೇ ಇವಳು ಹಿಟ್ಟಿನ ಮುಂದೆ ಕೂತಳು. ತಟ್, ತಟ್, ತಟ್. ಈಗ ಮುರಿದೆ, ಈಗ ಮುರಿದೆ ಎಂದು ಒಂದೊಂದು ಬಡಿತಕ್ಕೂ ನಾನು ನಡುಗಿದೆ. ಒಂದು ಬೆಳಿಗ್ಗೆ ನಾಲ್ಕನೇ ತೂತಿನ ಅಂಚು ಚಿಟ್ ಎಂದಿತು. ಅವಳು ಗಕ್ಕನೆ ಕೈ ನಿಲ್ಲಿಸಿ, ಮುಂಗೈ ಸವರಿಕೊಂಡಳು. ಯಾರಿಗೂ ಹೇಳಲಿಲ್ಲ. ಮರುದಿನದಿಂದ ಎಡಗೈಯಲ್ಲಿ ಬಡಿಯತೊಡಗಿದಳು. ರೊಟ್ಟಿ ಸೊಟ್ಟಗಾಗುತ್ತಿತ್ತು, ಬೈಸಿಕೊಳ್ಳುತ್ತಿದ್ದಳು. ಇನ್ನೊಂದೇ ದಿನ ತಡೆದುಕೊ ಎಂದು ನಾನು ದಿನಾ ನನಗೇ ಹೇಳಿಕೊಳ್ಳುತ್ತಿದ್ದೆ. ಡಾಕ್ಟರು ತಿಂಗಳಿಗೊಮ್ಮೆ ಕರೆಸಿ ಎಕ್ಸ್‌ರೇ ತೆಗೆಸುತ್ತಿದ್ದರು. ನನ್ನ ಮೈಯ ಬಿರುಕು ಕೂದಲೆಳೆಯಷ್ಟು ಸಣ್ಣದು, ಅದರಲ್ಲಿ ಕಾಣಲಿಲ್ಲ. ಎಂಥ ಕಾಳಜಿಯ ಮನುಷ್ಯ ಎಂದು ಅವಳು ಹೊಗಳುತ್ತಿದ್ದಳು.

ಹೇಗೋ ಮೂಳೆ ಕೂಡಿತು. ಒಂದೂವರೆ ವರ್ಷದ ಮೇಲೆ ನನ್ನನ್ನು ಹೊರತೆಗೆದರು. ಅವಳಿಗೆ ಎಚ್ಚರವಾದ ಮೇಲೆ ಡಾಕ್ಟರು ನನ್ನನ್ನು ಬೆಳಕಿಗೆ ಹಿಡಿದು ಬಿರುಕು ತೋರಿಸಿದರು.

"ಶಾವಂತ್ರೆವ್ವ, ಇದನ್ನ ನಾ ಹಿಂದಮುಂದ ಬಗ್ಗಿಸಿಬಿಟ್ಟಿದ್ದೆ. ತಪ್ಪು ನಂದು. ಯಾವಾಗ ಮುರೀತೈತೋ ಅಂತ ಅಂಜಿಕೊಂಡೇ ಎಕ್ಸ್‌ರೇ ತಗಸ್ತಿದ್ದೆ."

ಅವಳು ನನ್ನನ್ನು ಕೈಗೆ ತೆಗೆದುಕೊಂಡು ಬಿರುಕಿನ ಮೇಲೆ ಬೆರಳಾಡಿಸಿದಳು.

"ಮೂರನೇ ತಿಂಗಳಿಗೇ ನಾ ರೊಟ್ಟಿ ಬಡದಿದ್ದೆರಿ. ಒಳಗ ಚಿಟ್ ಅಂದದ್ದು ಗೊತ್ತಾತು. ಬೈತೀರಿ ಅಂತ ಅಂಜಿ ಹೇಳಲಿಲ್ಲ."

ಈಗ ನಾನು ಡಾಕ್ಟರ ಮೇಜಿನ ಮೂಲೆಯಲ್ಲಿದ್ದೇನೆ. ಬಾಗು ಹೆಚ್ಚಾದ ಪಟ್ಟಿಯನ್ನು ಅವರೀಗ ಹಿಂದಕ್ಕೆ ಬಗ್ಗಿಸುವುದಿಲ್ಲವಂತೆ, ತೆಗೆದಿಟ್ಟು ಬೇರೆಯದನ್ನು ತೆಗೆದುಕೊಳ್ಳುತ್ತಾರಂತೆ. ಸಂತೋಷ. ಆದರೂ ಆ ದಿನಗಳು ನೆನಪಾದರೆ ಇವತ್ತಿಗೂ ಮೈ ತಣ್ಣಗಾಗುತ್ತದೆ. ಒಂದೇ ಕೈಯ ಸಲುವಾಗಿ ಮೂವರೂ ಹೆದರಿ ಸಾಯುತ್ತಿದ್ದೆವು, ಒಬ್ಬರೂ ತುಟಿ ಬಿಚ್ಚಲಿಲ್ಲ. ನನ್ನದು ಬಿಡಿ. ಅವರಿಬ್ಬರಿಗೂ ಬಾಯಿ ಇತ್ತು.