ಮುಸ್ಸಂಜೆ ಹಿಡಿದ ಸಭಾಮನೆ

“ಕತ್ತಲೆ ನೋಡೋಕೆ ಯಾರಾದ್ರೂ ಮನೆ ಬಿಟ್ಟು ಬರ್ತಾರೇನೇ? ಇದು ಫೆಬ್ರವರಿ! ಕತ್ತಲೆ ಅವರವರ ಮನೇಲೇ ಬೇಕಾದಷ್ಟು ಬಿದ್ದಿದೆ!”

“ಕತ್ತಲೆ ಅಲ್ಲ ಕಣೋ ಅದು, ಮುಸ್ಸಂಜೆ! ಎರಡಕ್ಕೂ ವ್ಯತ್ಯಾಸ ಗೊತ್ತಿಲ್ದೋನು ನಾಟಕ ಆಡಿಸೋಕೆ ಬಂದಿದೀಯಲ್ಲ! ನಿನ್ನ ಬಸ್ಸಿಗೆ ಹೆಡ್‌ಲೈಟಾದ್ರೂ ಇದೆಯೋ ಇಲ್ವೋ?”

ಊರಿನ ಸಭಾಮನೆಯ ರಂಗದ ಕೆಳಗೆ ನಿಂತಿದ್ದ ಆಸ್ಗರ್ ಕೈಯಲ್ಲಿದ್ದ ನಾಟಕದ ಪ್ರತಿಯನ್ನು ಸುರುಳಿ ಸುತ್ತಿ ಮೇಲಕ್ಕೆ ಬೀಸಿದ. ಪ್ರೇಕ್ಷಕರ ಸಾಲುಗಳ ಹಿಂದಿನ ಗೋಡೆಗೆ ಎತ್ತರದಲ್ಲಿ ಅಂಟಿಸಿದ್ದ ಮರದ ಗೂಡಿನಿಂದ ಸಿಸೆಲ್ ಅರ್ಧ ಮೈ ಹೊರಗೆ ಚಾಚಿ ಬಗ್ಗಿದ್ದಳು. ಆ ಗೂಡಿನಲ್ಲಿ ಒಂದು ಸ್ಟೂಲು, ದೀಪಗಳ ಹಲಗೆ, ಅವಳು, ಇಷ್ಟಕ್ಕೆ ಮಾತ್ರ ಜಾಗ. ಅವಳ ಸಿಟ್ಟಿಗೆ ಅಲ್ಲಿ ಜಾಗ ಸಾಲದೆ ಹೊರಗೆ ಸುರಿಯುತ್ತಿತ್ತು.

ಆಸ್ಗರ್ ಶಾಲೆಯ ಬಸ್ಸು ಓಡಿಸುವವನು. ಮಧ್ಯಾಹ್ನಕ್ಕೇ ಕತ್ತಲಾಗುವ ಚಳಿಗಾಲ ಬಂದರೆ ವೆಸ್ಟರ್‌ಬೆಕ್ ಊರಿನ ನಾಟಕಕ್ಕೆ ಅವನೇ ನಿರ್ದೇಶಕ, ಅವನೇ ರಂಗದ ಅಂಚಿನ ಗುಂಡಿಯಲ್ಲಿ ಕೂತು ಮಾತು ಎತ್ತಿಕೊಡುವವನು. ಸಿಸೆಲ್ ಊರೂರು ತಿರುಗಿ ಹಾಲು ಕರೆಯುವ ಯಂತ್ರ ರಿಪೇರಿ ಮಾಡುವವಳು. ನಾಟಕಕ್ಕೆ ಅವಳು ದೀಪ. ದೀಪ ಎಂದರೆ ಏನು ಮಹಾ? ಇಷ್ಟು ವರ್ಷ ಪರದೆ ಎದ್ದಾಗ ಎಲ್ಲ ದೀಪ ಹತ್ತಿಸುವುದು, ಪರದೆ ಬಿದ್ದಾಗ ಎಲ್ಲ ದೀಪ ಆರಿಸುವುದು. ಅದಕ್ಕೇ ಜನ ಅವಳನ್ನು ‘ಸ್ವಿಚ್ಚು’ ಎಂದು ಕರೆಯುತ್ತಿದ್ದರು. ಎದುರಿಗೇ ಕರೆಯುತ್ತಿದ್ದರು. “ಏನ್ ಸ್ವಿಚ್ಚು, ಈ ವರ್ಷಾನೂ ಒತ್ತೋಕೆ ಬರ್ತೀಯಾ?” ಎಂದು ಅಂಗಡಿಯಲ್ಲಿ ಕೇಳಿದರೆ ಅವಳೂ ನಗುತ್ತಿದ್ದಳು. ಮನೆಗೆ ಬಂದ ಮೇಲೆ ನಗುತ್ತಿರಲಿಲ್ಲ.

ಈ ವರ್ಷ ಪಕ್ಕದ ಪಟ್ಟಣದ ನಾಟಕಶಾಲೆಯೊಂದು ಬಾಗಿಲು ಮುಚ್ಚಿತು. ಅಲ್ಲಿನ ಹಳೆಯ ದೀಪಗಳನ್ನೂ ಹಲಗೆಯನ್ನೂ ಸಿಸೆಲ್ ತನ್ನ ವ್ಯಾನಿನಲ್ಲಿ ತುಂಬಿಕೊಂಡು ಬಂದಳು. ಹಲಗೆಯ ಮೇಲೆ ಒಂದೊಂದು ದೀಪಕ್ಕೂ ಒಂದೊಂದು ಜಾರುಗುಂಡಿ. ಸ್ವಿಚ್ಚಲ್ಲ! ಬೆರಳಿನಿಂದ ಎಷ್ಟು ನಿಧಾನ ಬೇಕೋ ಅಷ್ಟು ನಿಧಾನ ಇಳಿಸಬಹುದು. ಅದನ್ನು ಮುಟ್ಟಿದ ದಿನದಿಂದ ಅವಳಿಗೆ ಒಂದೇ ಧ್ಯಾನ. ನಾಟಕದ ಕೊನೆಯ ದೃಶ್ಯದಲ್ಲಿ ಮುದುಕ ಮುದುಕಿ ಕಿಟಕಿಯ ಪಕ್ಕ ಕೂತು ಮುಸ್ಸಂಜೆ ಹಿಡಿಯುತ್ತಾರೆ. ಹಿಂದೆಲ್ಲ ಈ ಸೀಮೆಯ ಮನೆಮನೆಗಳಲ್ಲಿ ಹಾಗೇ ಹೇಳುತ್ತಿದ್ದರು, ಮುಸ್ಸಂಜೆ ಹಿಡಿಯುವುದು ಎಂದು. ಕೆಲಸಕ್ಕೆ ಬೆಳಕು ಸಾಲದು, ಎಣ್ಣೆ ಸುಡಲು ಮನಸ್ಸಿಲ್ಲ. ದೀಪ ಹಚ್ಚದೆ ಮನೆಮಂದಿಯೆಲ್ಲ ಸುಮ್ಮನೆ ಕೂತು, ಮುಖ ಕಾಣದಾಗುವವರೆಗೂ ಮಾತಾಡುವುದು. ಆ ಮುಸ್ಸಂಜೆಯನ್ನು ತಾನು ರಂಗದ ಮೇಲೆ ಇಳಿಸಬೇಕು, ಯಾವಾಗ ಇಳಿಯಿತೆಂದು ಯಾರಿಗೂ ಗೊತ್ತಾಗಬಾರದು. ಒಮ್ಮೆಯಾದರೂ ಬೆಳಕು ತನ್ನದಾಗಬೇಕು. ಕೆಟ್ಟರೆ ಸಾಯುವವರೆಗೂ ಊರು ಆಡಿಕೊಳ್ಳುತ್ತದೆಂಬುದೂ ಅವಳಿಗೆ ಗೊತ್ತಿತ್ತು.

“ಜನ ಬರೋದು ಯಾಕೆ ಹೇಳು?” ಆಸ್ಗರ್ ಬಿಡಲಿಲ್ಲ. “ಎಬ್ಬೆ ಮೀಸೆ ಅಂಟಿಸ್ಕೊಂಡಿರೋದು ನೋಡೋಕೆ. ದಾಗ್ನಿ ಯಾರ ಹಳೇ ಲಂಗ ಹಾಕಿದಾಳೆ ಅಂತ ನೋಡೋಕೆ. ಮಬ್ಬಾಯ್ತು ಅಂದ್ರೆ ಫ್ಯೂಸ್ ಹೋಯ್ತು ಅಂದ್ಕೋತಾರೆ.”

“ಲಂಗ ನಂದೇ,” ಎಂದಳು ರಂಗದ ಮೇಲಿದ್ದ ದಾಗ್ನಿ. ಹಿಂದೆ ಅಂಚೆ ಕಚೇರಿ ನಡೆಸಿದವಳು, ಈಗ ನಾಟಕದ ಮುದುಕಿ. “ಬೇಕಾದ್ರೆ ಈಗಲೇ ಎಲ್ಲರಿಗೂ ಹೇಳಿಬಿಡಿ, ಆಮೇಲೆ ದೀಪ ಇಳಿಸಬಹುದು.”

“ಅಲ್ಲಾ, ನನ್ನ ಗತಿ?” ಎಬ್ಬೆ ಬಾಯಿ ಹಾಕಿದ. ಅವನು ಹಂದಿ ಸಾಕುವವನು, ನಾಟಕದ ಮುದುಕ. ಅವನಿಗೆ ಮಾತು ಬಾಯಿಪಾಠವಾಗಿದ್ದು ಊರು ಕಂಡಿಲ್ಲ. ಕೊನೆಯ ದೃಶ್ಯದ ಅಷ್ಟೂ ಮಾತನ್ನು ಮೇಜುಬಟ್ಟೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಟ್ಟುಕೊಂಡಿದ್ದ. “ಬಟ್ಟೆ ಕಾಣಿಸ್ಲಿಲ್ಲ ಅಂದ್ರೆ ನಾನು ಮೂಕನೇ.”

“ಬಾಯಿಪಾಠ ಮಾಡೋ, ಸೋಂಬೇರಿ! ನಿನ್ನ ಹಂದಿಗಳಿಗೇ ಒಂದೊಂದು ಹೆಸರಿಟ್ಟು ಅಷ್ಟನ್ನೂ ನೆನಪಿಟ್ಟಿದೀಯಲ್ಲ!” ಎಂದು ಸಿಸೆಲ್ ಮೇಲಿನಿಂದ ಕೂಗಿದಳು.

“ಹಂದಿಗಳು ಎದುರಿಗೆ ಓಡಾಡ್ತವೆ. ಮಾತು ಎಲ್ಲಿ ಓಡಾಡುತ್ತೆ?”

ಕೊನೆಗೆ ಆಸ್ಗರ್ ತೀರ್ಪು ಕೊಟ್ಟ. “ಅರ್ಧ. ಅರ್ಧಕ್ಕಿಂತ ಕೆಳಗೆ ಒಂದು ಕೂದಲೆಳೆಯಷ್ಟೂ ಇಳಿಸಕೂಡದು. ಆಮೇಲೆ ದಾಗ್ನಿ ಎದ್ದು ಮೇಜಿನ ದೀಪ ಹಚ್ತಾಳೆ. ಆಗ ಎಲ್ಲಾ ಲೈಟೂ ಹಾಕ್ತೀಯ, ಎಲ್ಲರೂ ಸೇರಿ ಹಾಡು ಹೇಳ್ತೀವಿ, ಮುಗೀತು. ಒಪ್ಪಿಗೆನಾ?”

“ಅರ್ಧ ಮುಸ್ಸಂಜೆ ಅಂತ ಎಲ್ಲಾದ್ರೂ ಇದೆಯೇನೋ?”

“ಒಪ್ಪಿಗೆನಾ, ಸ್ವಿಚ್ಚು?”

ಸಿಸೆಲ್ ಗೂಡಿನ ಕಿಟಕಿ ಬಡಿದು ಮುಚ್ಚಿದಳು. ಒಳಗಿನಿಂದ “ಆಯ್ತು ಹೋಗೋ!” ಎಂಬ ಕೂಗು ಕೇಳಿಸಿತು.

ಆ ವಾರವೆಲ್ಲ ಕೆಲಸ ಮುಗಿಸಿ ನೇರ ಸಭಾಮನೆಗೆ ಬಂದು ಅವಳು ಒಬ್ಬಳೇ ಒದ್ದಾಡಿದಳು. ಮೊದಲು ಎದುರಿನ ದೀಪ ಇಳಿಸಿ ನೋಡಿದಳು, ಮುಖಗಳಿರಬೇಕಾದ ಜಾಗ ಸತ್ತುಹೋಯಿತು. ಪಕ್ಕದ ದೀಪ ಇಳಿಸಿದಳು, ಗೋಡೆ ಚಪ್ಪಟೆಯಾಯಿತು. ಕೊನೆಗೆ ತಿಳಿಯಿತು, ಕಣ್ಣಿಗೆ ಮೋಸ ಮಾಡಬೇಕಾದರೆ ಮೇಲಿನಿಂದ ಶುರು ಮಾಡಬೇಕು. ಮೊದಲು ಛಾವಣಿ ಹೋಗಬೇಕು, ಆಮೇಲೆ ಮೂಲೆಗಳು, ಆಮೇಲೆ ಬಾಗಿಲು. ಮನುಷ್ಯರ ಮೇಲಿನ ಬೆಳಕನ್ನು ಕೊನೆಗೆ ಮುಟ್ಟಬೇಕು. ಒಲೆಯ ಕಡೆಯ ದೀಪಕ್ಕೆ ಜೇನಿನ ಬಣ್ಣದ ಹಾಳೆ ಹಾಕಿದಳು, ಕಿಟಕಿಯ ಹಿಂದಿನ ದೀಪಕ್ಕೆ ಮಂಜಿನಂಥ ನೀಲಿ. ದಾಗ್ನಿಯ ಮನೆಗೆ ಹೋಗಿ, “ಬಿಳಿ ಶಾಲು ಹೊದ್ಕೋ, ಮಾರಾಯ್ತಿ. ಕತ್ತಲಾಗ್ತಾ ಬಿಳೀದು ಮಾತ್ರ ಉಳಿಯುತ್ತೆ, ನಿನ್ನ ತಲೆಗೂದಲು ಹೇಗೂ ಬಿಳೀದೇ,” ಎಂದಳು. “ಇದನ್ನ ಹೊಗಳಿಕೆ ಅಂತ ತಗೋಬೇಕಾ?” ಎಂದು ಕೇಳುತ್ತಲೇ ದಾಗ್ನಿ ಶಾಲು ತೆಗೆದಿಟ್ಟಳು.

ಭಾನುವಾರ ಮಧ್ಯಾಹ್ನ ಊರಿಗೆ ಊರೇ ಬಂತು. ಸಭಾಮನೆಯ ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಇಳಿಬಿಟ್ಟಿದ್ದರು. ಒದ್ದೆ ಕೋಟುಗಳ ವಾಸನೆ, ಅಡುಗೆಮನೆಯಿಂದ ಕಾಫಿಯ ವಾಸನೆ, ಕುರ್ಚಿಗಳ ಕಿರುಚಾಟ. ಎಬ್ಬೆಯ ಮೀಸೆ ಮೊದಲ ಅಂಕದಲ್ಲೇ ಅರ್ಧ ಕಿತ್ತುಬಂತು, ಜನ ಕಣ್ಣೀರು ಬರುವಂತೆ ನಕ್ಕರು. ಎರಡನೆಯ ಅಂಕದಲ್ಲಿ ಬಾಗಿಲು ತೆರೆಯಲಿಲ್ಲ, ಎಬ್ಬೆ ಕಿಟಕಿಯಿಂದ ಒಳಗೆ ಬಂದ, ಇನ್ನೂ ಜೋರಾಗಿ ನಕ್ಕರು. ಕೆಟ್ಟುಹೋಗದ ನಾಟಕ ನೋಡಲು ಇಲ್ಲಿ ಯಾರೂ ಬರುವುದಿಲ್ಲ.

ಕೊನೆಯ ದೃಶ್ಯ ಬಂತು. ಎಬ್ಬೆ, ದಾಗ್ನಿ ಕಿಟಕಿಯ ಪಕ್ಕ ಕೂತರು. ಸಿಸೆಲ್ ಅಂಗೈ ಬೆವರನ್ನು ಪ್ಯಾಂಟಿಗೆ ಒರೆಸಿ ಮೊದಲ ಜಾರುಗುಂಡಿಯ ಮೇಲೆ ಬೆರಳಿಟ್ಟಳು. ಛಾವಣಿ ಹೋಯಿತು, ಯಾರೂ ನೋಡಲಿಲ್ಲ. ಮೂಲೆಗಳು ಹೋದವು. ಮುಂದಿನ ಸಾಲಿನಲ್ಲಿ ಮಿಠಾಯಿ ಕಾಗದ ಪರಪರ ಮಾಡುತ್ತಿದ್ದವನ ಕೈ ತಾನಾಗಿಯೇ ನಿಂತಿತು. ಅರ್ಧಕ್ಕೆ ಬಂದಳು, ನಿಂತಳು. ಮಾತು ಕೊಟ್ಟಿದ್ದಳಲ್ಲ.

ದಾಗ್ನಿ ಏಳಬೇಕಿತ್ತು, ದೀಪ ಹಚ್ಚಬೇಕಿತ್ತು. ಅದಕ್ಕೆ ಮೊದಲು ಎಬ್ಬೆ ಒಂದು ಮಾತು ಆಡಬೇಕಿತ್ತು. ಎಬ್ಬೆ ಮೇಜುಬಟ್ಟೆಯತ್ತ ಬಗ್ಗಿದ, ಇನ್ನೂ ಬಗ್ಗಿದ. ಮೂಗು ಬಟ್ಟೆಗೆ ತಾಗಿತು. ಅಕ್ಷರಗಳು ಮಬ್ಬಿನಲ್ಲಿ ಕಲಸಿಹೋಗಿದ್ದವು. ಗುಂಡಿಯಿಂದ ಆಸ್ಗರ್ ಪಿಸುಗುಟ್ಟಿದ. ಎಬ್ಬೆಯ ಆ ಕಡೆಯ ಕಿವಿ ಮಂದ.

ಸೋತು ಹೋದ ಎಬ್ಬೆ ಕುರ್ಚಿಗೆ ಒರಗಿದ. ಕಿಟಕಿಯ ಮಂಜು ನೀಲಿಯನ್ನು ನೋಡಿದ. ಆಮೇಲೆ ನಾಟಕದಲ್ಲಿಲ್ಲದ ಮಾತು ಬಂತು, ತನ್ನದೇ ದನಿಯಲ್ಲಿ.

“ದೀಪ ಹಚ್ಬೇಡ ಕಣೇ. ಹೀಗೇ ಕೂತಿರೋಣ.”

ದಾಗ್ನಿ ಏಳಲು ಹೊರಟವಳು ಮತ್ತೆ ಕೂತಳು. “ಎಷ್ಟು ಹೊತ್ತು?”

“ನನಗೇನ್ ಗೊತ್ತು? ನಮ್ಮಜ್ಜಿ ಮುಖ ಕಾಣಿಸದೇ ಇರೋವರೆಗೂ ಕೂರಿಸ್ತಿದ್ಲು. ಆಗ ಏನ್ ಬೇಕಾದ್ರೂ ಹೇಳಬಹುದಿತ್ತು. ಅವಳ ಒಳ್ಳೇ ಬಟ್ಟಲು ಒಡೆದೋನು ನಾನೇ ಅಂತ ಹಂಗೇ ಹೇಳಿದ್ದೆ.”

“ಹೊಡೆದ್ಲಾ?”

“ಎಲ್ಲಿದೀನಿ ಅಂತ ಕಾಣಿಸ್ಲಿಲ್ಲ ಅವಳಿಗೆ.”

ಸಭೆ ನಕ್ಕಿತು. ಗಟ್ಟಿಯಾಗಿ ಅಲ್ಲ, ಗಂಟಲೊಳಗೇ. ಗುಂಡಿಯಿಂದ ಆಸ್ಗರನ ಕೈ ಮೇಲೆದ್ದು ಗೂಡಿನ ಕಡೆ ಬೀಸಿತು. “ಲೈಟು! ಸಿಸೆಲ್, ಲೈಟು!” ಆ ಪಿಸುಮಾತು ಹಿಂದಿನ ಸಾಲಿಗೂ ಕೇಳಿಸಿತು. ಸಿಸೆಲ್ ಜಾರುಗುಂಡಿಗಳನ್ನು ಮೇಲಕ್ಕೆ ತಳ್ಳಿದರೆ ಎಲ್ಲ ದೀಪ ಹತ್ತುತ್ತದೆ, ಹಾಡು ಬರುತ್ತದೆ, ನಾಟಕ ಉಳಿಯುತ್ತದೆ, ಅವಳು ಸ್ವಿಚ್ಚಾಗಿಯೇ ಇರುತ್ತಾಳೆ. ಆದರೆ ಹಚ್ಚಬೇಡ ಎಂದು ರಂಗದ ಮೇಲಿನ ಮನುಷ್ಯನೇ ಹೇಳಿದ್ದಾನೆ. ದೀಪದವಳು ಕೇಳಬೇಕಾದದ್ದು ರಂಗದ ಮಾತೋ, ಗುಂಡಿಯೊಳಗಿನ ಆಸ್ಗರನ ಮಾತೋ?

“ಹಾಳಾಗಿ ಹೋಗಲಿ,” ಎಂದು ಅವಳು ಕೆಳಕ್ಕೆ ಎಳೆದಳು. ಕೂದಲೆಳೆಯಷ್ಟು, ಮತ್ತೊಂದು ಕೂದಲೆಳೆಯಷ್ಟು. ಒಲೆಯ ಜೇನು ಬಣ್ಣ ಕೆಂಪಾಗಿ, ಕೆಂಡವಾಗಿ, ಬೂದಿಯಾಯಿತು. ಬಿಳಿ ಶಾಲು, ಬಿಳಿ ತಲೆ, ಎಬ್ಬೆಯ ಎರಡು ದೊಡ್ಡ ಕೈ. ಇಷ್ಟೇ ಉಳಿದದ್ದು.

ಆಗ ಅಡುಗೆಮನೆಯ ಬಾಗಿಲು ಧಡಾರೆಂದು ತೆರೆಯಿತು.

ಈ ಸಭಾಮನೆಯಲ್ಲಿ ದೀಪ ಆರಿತೆಂದರೆ ಕಾಫಿ ಎಂದೇ ಅರ್ಥ. ಮದುವೆಯಿರಲಿ, ಬೆಳ್ಳಿಹಬ್ಬವಿರಲಿ, ನಾಟಕವಿರಲಿ, ಬಾಗಿಲ ಸಂದಿಯಲ್ಲಿ ಕತ್ತಲೆ ಕಂಡ ಕೂಡಲೇ ಅಡುಗೆಮನೆಯ ಹೆಂಗಸರು ಸಾಲಾಗಿ ಹೊರಡುತ್ತಾರೆ, ಅವರನ್ನು ತಡೆಯುವ ಗಂಡಸು ಇನ್ನೂ ಹುಟ್ಟಿಲ್ಲ. ಮುಂದೆ ಮಾಗ್ದಾ, ಎರಡೂ ಕೈಯಲ್ಲಿ ಕಾಫಿಯ ಹೂಜಿ. ಹಿಂದೆ ಕೆನೆ ತುಂಬಿದ ಪದರದ ಕೇಕುಗಳು. ಅವರ ಬೆನ್ನಿಗೇ ಬಾಗಿಲು ಮತ್ತೆ ಮುಚ್ಚಿಕೊಂಡಿತು.

“ಕಾಫಿ!” ಎಂದು ಕೂಗಿದ ಮಾಗ್ದಾ ನಡುಹಾದಿಯಲ್ಲಿ ಗಕ್ಕನೆ ನಿಂತಳು. ಯಾರೂ ಎದ್ದಿರಲಿಲ್ಲ. ರಂಗದ ಮೇಲೆ ಇಬ್ಬರು ಕೂತೇ ಇದ್ದರು. “ಅಯ್ಯೋ ದೇವರೇ. ಇನ್ನೂ ಮುಗಿದಿಲ್ವಾ?”

ಸಿಸೆಲ್ ಹಲಗೆಯಿಂದ ಕೈ ತೆಗೆದಳು. ಮುಗಿಯಿತು ಎಂದುಕೊಂಡಳು. ಇನ್ನು ಇಪ್ಪತ್ತು ವರ್ಷ ಇದೇ ಕಥೆ ಅಂಗಡಿಯಲ್ಲಿ.

“ಮಾಗ್ದಾನೇನೇ ಅದು?” ಎಬ್ಬೆ ಕತ್ತಲೆಯಿಂದ ಕೇಳಿದ, ನಿಜವಾಗಿಯೂ ನೆರೆಮನೆಯವಳು ಬಂದಳೆಂಬಂತೆ. “ಒಳಗೆ ಬಾ. ನಾವು ಮುಸ್ಸಂಜೆ ಹಿಡೀತಾ ಇದೀವಿ.”

“ಅವನಿಗೆ ಎರಡು ಸಕ್ಕರೆ,” ಎಂದಳು ದಾಗ್ನಿ. “ಒಂದು ಅಂತಾನೆ, ನಂಬಬೇಡ.”

ನಗು ಈ ಸಲ ಛಾವಣಿ ಮುಟ್ಟಿತು. ಮಾಗ್ದಾ ಮೆಟ್ಟಿಲು ತಡವರಿಸಿಕೊಂಡು ರಂಗಕ್ಕೇ ಹತ್ತಿದಳು. ಕಾಫಿ ಬೀಳುವ ಸದ್ದು ಎಲ್ಲರಿಗೂ ಕೇಳಿಸಿತು. ಉಳಿದ ಹೆಂಗಸರು ಸಾಲುಗಳ ನಡುವೆ ಹೊರಟರು. “ಇದು ಯಾರ ಕೈ?” “ನಂದೇ, ಆದರೆ ಅದು ಮೊಣಕಾಲು.” ಬಟ್ಟಲುಗಳು ಕೈಯಿಂದ ಕೈಗೆ ಹೋದವು. ಯಾರದೋ ಮಡಿಲಿಗೆ ಕೇಕು ಬಿತ್ತು. ಕೆನೆ ಯಾರ ಮೂಗಿಗೆ ಅಂಟಿದೆಯೆಂದು ಯಾರಿಗೂ ಕಾಣದ್ದರಿಂದ ಎಲ್ಲರೂ ಘನವಂತರಂತೆ ತಿಂದರು.

ನಡುಸಾಲಿನಿಂದ ಒಂದು ಮುದಿ ದನಿ ಎದ್ದಿತು. “ನಮ್ಮಪ್ಪ ಮುಸ್ಸಂಜೇಲಿ ಮಾತ್ರ ಹಾಡ್ತಿದ್ದ. ಹಗಲಲ್ಲಿ ಹಾಡು ಅಂದ್ರೆ ಬೈತಿದ್ದ.”

“ಯಾವ ಹಾಡು?” ಎಂದಳು ದಾಗ್ನಿ ರಂಗದಿಂದ.

ಮುದುಕ ಹಾಡಿದ. ದನಿ ಒಡೆದಿತ್ತು. ಎರಡನೆಯ ಸಾಲಿಗೆ ಇನ್ನಿಬ್ಬರು ಸೇರಿದರು. ಹಾಡು ಮುಗಿದಾಗ ಒಬ್ಬ ಹೆಂಗಸು ಗಂಡ ಮದುವೆಯಾಗೆಂದು ಮೂರು ಸಲ ಕೇಳಿದ ಮೇಲೆ ತಾನು ಒಪ್ಪಿದ ಕಥೆ ಹೇಳಿದಳು. “ಎರಡೇ ಸಲ!” ಎಂದು ಪಕ್ಕದಿಂದ ಗಂಡನ ದನಿ. “ಮೂರು. ಮೊದಲನೇದು ನನಗೆ ಕೇಳಿಸ್ಲಿಲ್ಲ ಅಂದ್ಕೊಂಡೆಯಾ?” ನಾಟಕ ಎಲ್ಲಿ ಮುಗಿಯಿತು, ಊರು ಎಲ್ಲಿ ಶುರುವಾಯಿತು, ಹೇಳುವವರಿರಲಿಲ್ಲ.

ಆಸ್ಗರ್ ಗುಂಡಿಯಿಂದ ಏದುಸಿರು ಬಿಡುತ್ತ ಹೊರಗೆ ಬಂದ. ಕತ್ತಲಲ್ಲಿ ಓದಲಾಗದ ನಾಟಕದ ಪ್ರತಿಯನ್ನು ಕಂಕುಳಲ್ಲಿ ಸಿಕ್ಕಿಸಿ, ರಂಗದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತ. ಮಾಗ್ದಾ ಕೊಟ್ಟ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಗುಟುಕು ಕುಡಿದ. ಆಮೇಲೆ ಗೂಡಿನ ಕಡೆಗೆ ಮುಖ ಎತ್ತಿ ಹೇಳಿದ: “ಅಷ್ಟೇನೂ ಕೆಟ್ಟದಾಗಿಲ್ಲ.”

ಇಲ್ಲಿಯ ಜನರ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಮಕ್ಕಳು ಹುಟ್ಟಿದಾಗಲೂ ಇಷ್ಟನ್ನೇ ಹೇಳುತ್ತಾರೆ.

“ಏನಂದೆ? ಕೇಳಿಸ್ಲಿಲ್ಲ!” ಸಿಸೆಲ್ ಮೇಲಿನಿಂದ ಅರಚಿದಳು.

“ಕೇಳಿಸಿದೆ ನಿನಗೆ!”

“ಅವಳೊಬ್ಬಳೇ ಆ ಗೂಡಲ್ಲಿ ಏನ್ ಮಾಡ್ತಿದಾಳೆ?” ಎಂದ ಎಬ್ಬೆ. “ಕರೀರಿ ಕೆಳಗೆ. ಸಿಸೆಲ್! ಇಳಿದು ಬಾರೇ, ಕೇಕು ಮುಗಿದುಹೋಗುತ್ತೆ!”

“ನಾನು ಬಂದ್ರೆ ಲೈಟು ಹಾಕೋರು ಯಾರೋ?”

“ಯಾರು ಕೇಳಿದ್ರು ನಿನ್ನ ಲೈಟು?”

ಸಭೆಯೆಲ್ಲ ನಕ್ಕು ಅವಳ ಹೆಸರು ಹಿಡಿದು ಕರೆಯಿತು, ನಿಜವಾದ ಹೆಸರು. ಸಿಸೆಲ್ ಹಲಗೆಯನ್ನು ನೋಡಿದಳು. ಕಿಟಕಿಯ ನೀಲಿ ಮಾತ್ರ ಇನ್ನೂ ಎಳೆಯಷ್ಟು ಉಳಿದಿತ್ತು. ಅದನ್ನೂ ಮೆಲ್ಲಗೆ ತಳಕ್ಕೆ ಇಳಿಸಿದಳು. ಸ್ಟೂಲನ್ನು ಕಾಲಿನಿಂದ ಹಿಂದಕ್ಕೆ ಒದ್ದು, ಬೆನ್ನು ತಿರುಗಿಸಿ, ಏಣಿಯ ಮೆಟ್ಟಿಲುಗಳನ್ನು ಪಾದದಿಂದ ಹುಡುಕುತ್ತ ಇಳಿದಳು. ಕೆಳಗೆ ಯಾರೋ ಅವಳ ತೋಳು ಹಿಡಿದು ಎಳೆದರು, ಯಾರೋ ಪಕ್ಕಕ್ಕೆ ಸರಿದು ಜಾಗ ಕೊಟ್ಟರು, ಬಿಸಿ ಬಟ್ಟಲೊಂದು ಅವಳ ಕೈಗೆ ಬಂತು.

ಮೇಲಿನ ಗೂಡಿನ ಬಾಗಿಲು ತೆರೆದೇ ಇತ್ತು. ಆ ಸಂಜೆ ಅವಳು ಅಲ್ಲಿಗೆ ಮತ್ತೆ ಹತ್ತಲಿಲ್ಲ.