ಸಲಕರಣೆ ನೆನಿತಾ ಬಿಸಿಯಾಗಿದೆ

"ನೀನು ಉಚ್ಚೆ ಹೊಯ್ಯಕ್ಕೆ ಹೋದ್ರೆ ಕತ್ತರಿ ಯಾಕೆ ಹೋಯ್ತದೆ? ಅದಕ್ಕೂ ಉಚ್ಚೆ ಬಂದಿತ್ತಾ?"

ಸೂಪರ್‌ವೈಸರ್ ಗಾರ್ಡೊ ಇಡೀ ಹೊಲಿಗೆ ಲೈನಿಗೆ ಕೇಳುವಂತೆ ಕೂಗುತ್ತಿದ್ದ. ನೆನಿತಾ ತಲೆ ತಗ್ಗಿಸಿ ನಿಂತಿದ್ದಳು. ಕತ್ತರಿ ಆಕೆಯ ಕೊರಳಿನ ದಾರದಲ್ಲೇ ಜೋತಾಡುತ್ತಿತ್ತು. ಗೋಡೆಯ ಮೇಲಿನ ಟೀವಿಯಂಥ ಹೊಸ ಪರದೆಗೆ ಆ ಸುದ್ದಿ ಇನ್ನೂ ತಲುಪಿರಲಿಲ್ಲ. ಅಲ್ಲಿ ಕತ್ತರಿ ಕಕ್ಕಸಿನ ಚಿತ್ರದೊಳಗೆ ಕೂತು ಗಳಗಳ ಅಳುತ್ತಿತ್ತು.

"ಬುಟ್ಟೋದ್ರೆ ಕಳ್ದಾಕಿದೆ ಅಂತೀರಿ, ತಕ್ಕೊಂಡೋದ್ರೆ ಹಿಂಗಂತೀರಿ," ಅಂದಳು ನೆನಿತಾ.

"ಬಾಯ್ ಮುಚ್ಚು, ಮುದಿಗೊಡ್ಡೇ."

ನೆನಿತಾ ನಮಗೆಲ್ಲ ಆತೆ, ದೊಡ್ಡಕ್ಕ. ಕಾವೀತೆ ಊರಿನ ಈ ಕಾರ್ಖಾನೆಯಲ್ಲಿ ನಾವು ಹೊಲಿಯುವುದು ಈಜುಡುಗೆ. ಸಮುದ್ರ ಕೂಗಳತೆಯಲ್ಲೇ ಇದೆ, ಆದರೆ ಆ ಉಡುಗೆ ತೊಟ್ಟು ನೀರಿಗಿಳಿದವರು ನಮ್ಮಲ್ಲಿ ಒಬ್ಬರೂ ಇಲ್ಲ.

ಪರದೆ ಮಾಡಿದವನು ಮಕಾಟಿ ನಗರದ ದೊಡ್ಡ ಆಫೀಸಿನ ಜೋಮಾರ್. ಒಳ್ಳೆಯವನೇ, ಮೈತುಂಬ ಸೆಂಟು. ಯಾವ ಮಿಶಿನು, ಯಾವ ಕತ್ತರಿ, ಯಾವ ಇಸ್ತ್ರಿಪೆಟ್ಟಿಗೆ ಎಲ್ಲಿದೆ, ಹೇಗಿದೆ ಎಂಬುದೆಲ್ಲ ಒಂದೇ ಕಡೆ ಕಾಣಬೇಕು, ಅದೂ ಕೆಲಸದವರಿಗೆ ಸುಲಭವಾಗಿರಬೇಕು ಎಂದು ಯಜಮಾನರು ಅವನನ್ನು ಕಳಿಸಿದ್ದರು. ನಮ್ಮ ಊಟದ ಹೊತ್ತಿಗೇ ಬಂದು ಎಲ್ಲರನ್ನೂ ಸುತ್ತ ಕೂರಿಸಿಕೊಂಡಿದ್ದ. ಅನ್ನ, ಒಣಮೀನು ಡಬ್ಬಿಯಲ್ಲೇ ಆರುತ್ತಿದ್ದವು.

"ನಿಮಗೆ ಇದರಲ್ಲಿ ಏನೇನ್ ಬೇಕು? ಸಂಕೋಚ ಬೇಡ ಆತೆ, ಹೇಳಿ."

"ಕುಡಿಯಕ್ಕೆ ತಣ್ಣನ್ ನೀರು," ಅಂದಳು ನೆನಿತಾ.

ಜೋಮಾರ್ ಖುಷಿಯಾಗಿ ಬರೆದುಕೊಂಡ. ಪರದೆ ಬಂದಾಗ ಅದು ತಣ್ಣನೆಯ ತಿಳಿನೀಲಿಯಾಗಿತ್ತು. ಮೂಲೆಯಲ್ಲಿ ಒಂದು ಮೀನು ಈಜುತ್ತಿತ್ತು.

ಬಳಸಲು ಮಾತ್ರ ನಿಜಕ್ಕೂ ಸುಲಭ. ಎಲ್ಲಿದೆಯೆಂದು ಪರದೆಗೆ ತಿಳಿಸುವ ಒಂದು ಚೀಟಿಯನ್ನು ವಸ್ತುವಿಗೆ ಅಂಟಿಸಿ, ಲೈನಿನ ಫೋನಿನಲ್ಲಿ ಫೋಟೊ ಹೊಡೆದು, ಹೆಸರು ಕೊಟ್ಟರೆ ಅದು ಪರದೆಗೇರುತ್ತಿತ್ತು; ತನ್ನ ಜಾಗ ಬಿಟ್ಟು ಹೋದರೆ ಅಲ್ಲಿ ಅಳುತ್ತಿತ್ತು. ಬಿಸಿಯಾದರೆ ಫೋನಿನಲ್ಲಿ ಬೆವರುವ ಮುಖದ ಚಿತ್ರವನ್ನು ಒತ್ತಬೇಕು. ಆಗ ಪರದೆ ಮಗುವಿನ ದನಿಯಲ್ಲಿ "ನನಗೆ ದಣಿವಾಗಿದೆ, ಸ್ವಲ್ಪ ಬಿಡಿ" ಎಂದು ರಾಗವಾಗಿ ಹಾಡುತ್ತಿತ್ತು. ಒಮ್ಮೆ ಹಾಡಿತೆಂದರೆ ಮೆಕ್ಯಾನಿಕ್ ಎಲ್ಪಿಡಿಯೊ ಬಂದು ನೋಡಿ ಹೆಬ್ಬೆಟ್ಟು ಒತ್ತುವ ತನಕ ಆ ಮಿಶಿನನ್ನು ಯಾರೂ ಮುಟ್ಟುವಂತಿಲ್ಲ. ಸೂಪರ್‌ವೈಸರುಗಳು ಓಡಿಸಿ ಓಡಿಸಿ ಮಿಶಿನು ಕೆಡಿಸುತ್ತಾರೆಂದು ಯಜಮಾನರೇ ಮಾಡಿದ ಕಟ್ಟಳೆ.

ಮೇ ತಿಂಗಳ ಧಗೆ. ನನ್ನ ಪಕ್ಕದ ಪುರಿಂಗ್ ಬಸುರಿ. ಹೊಲಿಯುತ್ತಿದ್ದವಳು ಕಣ್ಣು ಕತ್ತಲಿಟ್ಟು ಹಾಗೇ ಮಿಶಿನಿನ ಮೇಲೆ ಕುಸಿದುಬಿಟ್ಟಳು. ಗಾರ್ಡೊ ಓಡಿ ಬಂದ. ಅವಳ ತಲೆಯನ್ನು ಎತ್ತಿ ಪಕ್ಕಕ್ಕಿಟ್ಟು, ಬಗ್ಗಿ ಸೂಜಿ ನೋಡಿದ.

"ಸದ್ಯ, ಮುರ್ದಿಲ್ಲ."

ಮಿಶಿನು ಕಾದು ಸುಡುತ್ತಿತ್ತು. ಅವನೇ ಬೆವರುವ ಮುಖ ಒತ್ತಿದ. ಪರದೆ ಹಾಡಿತು. ಫ್ಯಾನನ್ನು ಎಳೆದು ತಂದು ಮಿಶಿನಿನ ಕಡೆ ತಿರುಗಿಸಿದ.

"ಆ ಮೂಲೇಲಿ ಇನ್ನೊಂದ್ ಮಿಶಿನ್ ಖಾಲಿ ಐತೆ. ಅಲ್ಲೋಗಿ ಹೊಲಿ," ಎಂದು ಆಗಷ್ಟೇ ಕಣ್ಣು ಬಿಟ್ಟ ಪುರಿಂಗ್‌ಗೆ ಹೇಳಿ ಹೋದ.

ನೆನಿತಾ ಎದ್ದಳು. ಸುರುಳಿಯಿಂದ ಒಂದು ಚೀಟಿ ಹರಿದು ತನ್ನ ಹಣೆಗೆ ಅಂಟಿಸಿಕೊಂಡು ನನ್ನೆದುರು ನಿಂತಳು.

"ಫೋಟೊ ಹೊಡಿ, ಪೆರ್ಲಾ."

"ತಲೆಗಿಲೆ ಕೆಟ್ಟೈತಾ ಆತೆ?"

"ಹೊಡಿಯೇ. ಮೂಗು ದಪ್ಪ ಕಾಣ್ಬಾರ್ದು, ನೋಡ್ಕಂಡು ಹೊಡಿ."

ಹೊಡೆದೆ. ಆಕೆ ತನ್ನ ಹೆಸರು ಕೊಟ್ಟು ಬೆವರುವ ಮುಖ ಒತ್ತಿದಳು. ಕಾಲುಪೆಡಲನ್ನು ಒಪ್ಪಿಕೊಂಡಷ್ಟೇ ಸಲೀಸಾಗಿ ಪರದೆ ಆಕೆಯನ್ನೂ ಒಪ್ಪಿಕೊಂಡಿತು: ಸಲಕರಣೆ ನೆನಿತಾ. ಬಿಸಿಯಾಗಿದೆ. ಮುಟ್ಟಬೇಡಿ.

ಪುರಿಂಗ್ ಎರಡು ಚೀಟಿ ತೆಗೆದುಕೊಂಡಳು. ಒಂದು ಹಣೆಗೆ, ಒಂದು ಹೊಟ್ಟೆಗೆ.

"ಒಳಗಿರೋದು ಬೇರೆ ಸಲಕರಣೆ," ಅಂದಳು.

ಆಮೇಲೆ ಯಾರು ಯಾರ ಫೋಟೊ ಹೊಡೆದರೋ ತಿಳಿಯಲಿಲ್ಲ. ಪರದೆ ಉಸಿರು ಬಿಡದೆ ಹಾಡತೊಡಗಿತು. ಒಂದು ಹಾಡು ಮುಗಿಯುವ ಮೊದಲೇ ಇನ್ನೊಂದು ಹಿಡಿದುಕೊಂಡು ಶಾಲೆ ಬಿಟ್ಟ ಗದ್ದಲವಾಯಿತು. ನಾವೆಲ್ಲ ಕಾಲು ಚಾಚಿ ಕೂತೆವು. ಗಾರ್ಡೊ ಕಿವಿ ಮುಚ್ಚಿಕೊಂಡು ಬಂದ.

"ಎದ್ದೇಳ್ರೇ, ಕತ್ತೆಗುಟ್ಟಿದವೇ."

"ಮುಟ್ಟಂಗಿಲ್ಲ ಸಾರ್," ಪುರಿಂಗ್ ಕಣ್ಣು ಮುಚ್ಚಿಕೊಂಡೇ ಅಂದಳು. "ಬರ್ದೈತೆ, ನೋಡಿ."

ಅವನು ಜೋಮಾರ್‌ಗೆ ಫೋನು ಮಾಡಿದ. ಹಾಡಿನ ಗದ್ದಲದಲ್ಲಿ ಕೇಳಿಸಲೆಂದು ಸ್ಪೀಕರಿಗೆ ಹಾಕಿದ್ದ.

"ಅವರಾಗೇ ಉಪಯೋಗಿಸ್ತಿದಾರಾ?" ಜೋಮಾರನ ದನಿ ಗದ್ಗದವಾಯಿತು. "ಯಾವ ಕಾರ್ಖಾನೇಲೂ ಹೀಗಾಗಿಲ್ಲ ಸರ್. ಎಲ್ಲರಿಗೂ ನನ್ನ ಥ್ಯಾಂಕ್ಸ್ ಹೇಳಿಬಿಡಿ."

ಗಾರ್ಡೊ ಹೇಳಲಿಲ್ಲ. ಎಲ್ಪಿಡಿಯೊನನ್ನು ಎಳೆದುಕೊಂಡು ಬಂದ. ಎಲ್ಪಿಡಿಯೊ ಎಣ್ಣೆಡಬ್ಬಿ ಹಿಡಿದು ನಮ್ಮನ್ನೆಲ್ಲ ಒಂದು ಸುತ್ತು ನೋಡಿದ.

"ಏನ್ ನೋಡ್ತಿದೀಯ ಬೋಳಿಮಗನೆ, ಹೆಬ್ಬೆಟ್ ಒತ್ತು."

"ಪರೀಕ್ಷೆ ಮಾಡ್ದೆ ಒತ್ತಂಗಿಲ್ಲ ಸಾರ್. ಯಜಮಾನ್ರ ಕಟ್ಟಳೆ."

ಅವನು ನೆನಿತಾಳ ಹಣೆ ಮುಟ್ಟಿ ನೋಡಿದ. ಕಾಲು ಮಡಿಸು ಎಂದ. ಮಂಡಿ ಲಟಕ್ಕೆಂದಿತು. ಕಿವಿಗೊಟ್ಟು ಕೇಳಿ ತಲೆಯಾಡಿಸಿದ.

"ಕಷ್ಟ ಸಾರ್. ಹಳೇ ಮಾಡೆಲ್ಲು. ಪಾರ್ಟ್ ಸಿಕ್ಕಾಕಿಲ್ಲ."

"ಯಾರ್ಲಾ ಹಳೇ ಮಾಡೆಲ್ಲು?" ನೆನಿತಾ ಅವನ ಬೆನ್ನಿಗೊಂದು ಗುದ್ದಿದಳು.

"ಸಾರ್, ಇದು ಒದೀತದೆ," ಎಂದು ಎಲ್ಪಿಡಿಯೊ ಹೆಬ್ಬೆರಳನ್ನು ಜೇಬಿಗೆ ಸೇರಿಸಿಕೊಂಡ. ಗಾರ್ಡೊ ಪರದೆಯ ವೈರನ್ನು ಕಿತ್ತ. ಹಾಡು ನಿಂತಿತು. ನಾವು ಏಳಲಿಲ್ಲ. ಪಾಳಿ ಮುಗಿದ ಗಂಟೆ ಹೊಡೆದಾಗ ಎದ್ದು ಮನೆಗೆ ಹೋದೆವು.

ಮರುದಿನ ನೆನಿತಾಳನ್ನು ಆಫೀಸಿಗೆ ಕರೆದರು, ಸಾಕ್ಷಿಗೆಂದು ನನ್ನನ್ನೂ. ಯಜಮಾನರು, ಗಾರ್ಡೊ, ಕಂಪನಿ ವಕೀಲರು ಕೂತಿದ್ದರು. ಏಸಿಯ ಚಳಿಗೆ ನನಗೆ ಸೀನು ಬಂತು. ವಕೀಲರು ಆರೋಪ ಓದಿದರು: ತಾನು ಕಂಪನಿಯ ಸಲಕರಣೆಯೆಂದು ಸುಳ್ಳು ಹೇಳಿ ಕೆಲಸ ನಿಲ್ಲಿಸಿದ್ದು. ಒಪ್ಪಿಕೊಂಡರೆ ಕ್ಷಮೆ, ಇಲ್ಲವಾದರೆ ಗೇಟಿನಾಚೆ.

"ಸುಳ್ಳು ಅಂತ ನೀವೇ ಹೇಳ್ತಿದೀರಾ?" ನೆನಿತಾ ಕೇಳಿದಳು.

"ಹೌದಮ್ಮ. ನೀನು ಸಲಕರಣೆ ಅಲ್ವಲ್ಲ."

"ಮತ್ತೇನು?"

ವಕೀಲರಿಗೆ ನಗು ಬಂತು. "ಮನುಷ್ಯಳು."

"ಹಂಗಂತ ಬರ್ಕೊಡಿ. ಮನುಷ್ಯಳು, ಹಸಿವಾಯ್ತದೆ, ಸುಸ್ತಾಯ್ತದೆ ಅಂತ. ಯಜಮಾನ್ರು ಸಹಿ ಹಾಕ್ಲಿ. ಆಗ ತಪ್ಪಾಯ್ತು ಅಂತ ನಾನು ಅಡ್ಡಬೀಳ್ತೀನಿ."

ವಕೀಲರು ಪೆನ್ನು ತೆರೆದರು. ಗಾರ್ಡೊನ ಮುಖ ನೋಡಿದರು. ಗಾರ್ಡೊ ಯಜಮಾನರ ಮುಖ ನೋಡಿದ. ಯಜಮಾನರು ಕಿಟಕಿ ನೋಡುತ್ತಿದ್ದರು. ಪೆನ್ನು ಕಾಗದದ ಮೇಲೆ ಒಂದು ಬೆರಳೆತ್ತರದಲ್ಲಿ ನಿಂತೇ ಇತ್ತು.

ಕೂರು ಎಂದು ಯಾರೂ ಹೇಳಿರಲಿಲ್ಲ. ನೆನಿತಾ ಮೆತ್ತನೆಯ ಕುರ್ಚಿಯೊಂದನ್ನು ಎಳೆದುಕೊಂಡು ಕೂತಳು. ಚಪ್ಪಲಿ ಕಳಚಿ ಕಾಲೆರಡನ್ನೂ ಮೇಲೆ ಮಡಿಚಿಕೊಂಡಳು.

"ನಿಧಾನಕ್ಕೆ ಬರೀರಿ," ಅಂದಳು.